ಹೆಣ್ಣುಮಕ್ಕಳೂ ಮನೆಯ ಹಳೆಯ ಫಟಫಟಿಯೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆ ಮಾಡಿದಾಗ, ಹಳೆಯ ವಿದ್ಯಾರ್ಥಿನಿಯರು ವಾಡಿಕೆಯಾಗಿ ಬರೆಯುವ ವಿಷಯಗಳೇ ಮೊದಲು ನನ್ನ ಮನಸ್ಸಿಗೆ ಬಂದವು: ಬೆಳಗಿನ ಪ್ರಾರ್ಥನೆ, ವಸತಿಗೃಹದ ಗಂಟೆ, ಗುರುಮಾತೆಯರ ವಾತ್ಸಲ್ಯ. ಇವುಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರಿದ್ದಾರೆ. ನಾನಾದರೋ, ಇಂಥ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ವಸ್ತುವನ್ನು ಕುರಿತು ನಾಲ್ಕು ಮಾತು ಬರೆಯಲಿಚ್ಛಿಸುತ್ತೇನೆ. ಅದು ಮೋಟಾರುಸೈಕಲ್ಲಿನ ಕ್ಲಚ್ಚು. ಇದನ್ನೋದಿ ಕೆಲವರು ನಕ್ಕಾರು. ನಗಲಿ, ಆದರೆ ಕಡೆಯವರೆಗೂ ಓದಬೇಕೆಂಬದಷ್ಟೇ ನನ್ನ ಬಿನ್ನಹ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಣ್ಣುಮಗಳಿಗೆ ಗಾಡಿ ನಡಿಸುವದನ್ನು ಕಲಿಸಿ, ಅದನ್ನು ಹೊಂದಿಸಿಕೊಳ್ಳುವದನ್ನು ಕಲಿಸದೆ ಬಿಡುವದು ಅರ್ಧ ವಿದ್ಯೆ. ಅರ್ಧ ವಿದ್ಯೆಯು ವಿದ್ಯೆಯಿಲ್ಲದಿರುವದಕ್ಕಿಂತ ಕೆಲವು ವೇಳೆ ಹೆಚ್ಚು ಅಪಾಯಕರವಾದದ್ದು. ಇದನ್ನು ನಾನು ಪುಸ್ತಕದಿಂದ ಕಲಿತವಳಲ್ಲ; ನೌಬಾದದ ಚೌಕದಲ್ಲಿ, ಒಂದು ಬೆಳಿಗ್ಗೆ, ಮೈ ನಡುಗುತ್ತ ಕಲಿತೆನು.

ನಮ್ಮ ಮನೆಯಲ್ಲಿ ತಂದೆಯವರದೊಂದು ಯೆಜ್ದಿ ಮೋಟಾರುಸೈಕಲ್ಲು ಇದೆ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದಕ್ಕೆ ಫಟಫಟಿ ಎಂದೇ ಹೆಸರು. ಈ ಗಾಡಿಯು ನಮ್ಮ ನಾಡಿನದೇ ಎಂಬದನ್ನು ಇಂದಿನ ಮಕ್ಕಳು ಅರಿಯರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರಖಾನೆಯು ೧೯೬೧ರಲ್ಲಿ ಜಾವಾ ಗಾಡಿಗಳನ್ನು ತಯಾರಿಸಲಾರಂಭಿಸಿತು. ಜಾವಾ ಎಂಬದು ಪ್ರಾಗ್ ಪಟ್ಟಣದಲ್ಲಿ ೧೯೨೯ರಲ್ಲಿ ಹುಟ್ಟಿದ ಹೆಸರು. ೧೯೭೦ರ ದಶಕದಲ್ಲಿ ಮೈಸೂರಿನ ಗಾಡಿಗೆ ಯೆಜ್ದಿ ಎಂಬ ಹೆಸರಾಯಿತು. ಆ ಕಾರಖಾನೆಯು ೧೯೯೬ರಲ್ಲಿ ಬಾಗಿಲು ಮುಚ್ಚಿತಾದರೂ, ಅದರ ಗಾಡಿಗಳು ನಾಡಿನ ಎಷ್ಟೋ ಅಂಗಳಗಳಲ್ಲಿ ಇನ್ನೂ ಬಾಳಿಕೊಂಡಿವೆ. ತಂದೆಯವರು ಅದರ ಮೇಲೆ ಭಾಲ್ಕಿಗೆ ಹೋದರು, ಮಾಂಜ್ರಾ ನದಿಯನ್ನು ದಾಟಿ ಔರಾದಕ್ಕೆ ಹೋದರು. ನಮ್ಮಿಬ್ಬರು ಅಕ್ಕತಂಗಿಯರನ್ನು ಮುಂದೆ ಟಾಕಿಯ ಮೇಲೊಬ್ಬಳು, ಹಿಂದೊಬ್ಬಳು ಎಂಬಂತೆ ಕುಳ್ಳಿರಿಸಿಕೊಂಡು ಈ ಶಾಲೆಯ ಬಾಗಿಲಿಗೂ ತಂದು ಬಿಟ್ಟರು.

ನಮ್ಮ ತಂದೆಯವರು ಹೆಣ್ಣುಮಕ್ಕಳೆಂದು ನಮ್ಮನ್ನು ಎಂದೂ ಕಡೆಗಣಿಸಿದವರಲ್ಲ. ತಮ್ಮ ಸಂಬಳದಲ್ಲಿ ಹೊಟ್ಟೆಬಟ್ಟೆ ಕಟ್ಟಿ ಓದಿಸಿದರು. ನಾನು ನೌಕರಿಗೆ ಸೇರಿದ ವರ್ಷ ತಾವೇ ಗಾಡಿಯ ಹಿಂದೆ ಓಡುತ್ತ ನಡಿಸುವದನ್ನು ಕಲಿಸಿದರು. ಆದರೆ ಭಾನುವಾರ ಆರಾಧನೆ ಮುಗಿಸಿಕೊಂಡು ಬಂದು, ಪಾನಾ ಪಕ್ಕಡಗಳನ್ನು ಹರವಿಕೊಂಡು ಗಾಡಿಯ ಪಕ್ಕದಲ್ಲಿ ಕುಕ್ಕುರು ಕುಳಿತಾಗ, ಅವರು ಕೂಗಿ ಕರೆಯುತ್ತಿದ್ದದ್ದು ನೆರೆಮನೆಯ ಹುಡುಗನನ್ನು. ಬ್ಯಾಟರಿಯ ದೀಪ ಹಿಡಿಯುವವನು ಅವನು. ಇದನ್ನು ಯಾಕೆ ಸಡಿಲಿಸಬೇಕು, ಅದನ್ನು ಎಷ್ಟು ಬಿಗಿಯಬೇಕು ಎಂದು ಕೇಳಿ ತಿಳಿಯುವವನು ಅವನು. ನನಗೆ ಹೇಳುತ್ತಿದ್ದದ್ದು ಚಹಾ ತರಲಿಕ್ಕೆ. ಇದರಲ್ಲಿ ತಂದೆಯವರ ದುರುದ್ದೇಶ ಲೇಶವೂ ಇರಲಿಲ್ಲ. ನಾನೂ ಅದನ್ನು ಅನ್ಯಾಯವೆಂದು ಭಾವಿಸಲಿಲ್ಲ. ಲೋಕವೇ ಹಾಗೆಂದುಕೊಂಡು ಚಹಾ ತಂದೆನು.

ಮುಂದೆ ತಂದೆಯವರಿಗೆ ಲಕ್ವ ಹೊಡೆದು ಬಲಗೈ ನಿಂತುಹೋಯಿತು. ಗಾಡಿಯು ನನ್ನ ಪಾಲಿಗೆ ಬಂತು. ನಾನು ಅದರ ಮೇಲೆಯೇ ಪಾಠ ಹೇಳಲು ಹಳ್ಳಿಯ ಶಾಲೆಗೆ ಹೋಗಿಬರುತ್ತಿದ್ದೆನು. ಕೆಲವು ದಿನಗಳಿಂದ ಎಡಗೈಯ ಕ್ಲಚ್ಚಿನ ಹಿಡಿಯು ಸಡಿಲಾಗಿ, ಅರ್ಧ ದೂರದವರೆಗೂ ಬರಿದೆ ಬರುತ್ತಿತ್ತು. ಗೇರು ಹಾಕಿದಾಗ ಕಟಕ್ಕೆಂದು ಸದ್ದಾಗುತ್ತಿತ್ತು. ನಾಳೆ ನೋಡೋಣವೆಂದು ಎರಡು ವಾರ ತಳ್ಳಿದೆನು. ಒಂದು ಬೆಳಿಗ್ಗೆ ನೌಬಾದದ ಚೌಕದಲ್ಲಿ, ಹಿಡಿಯನ್ನು ಪೂರಾ ಒತ್ತಿಕೊಂಡು, ಮೊದಲನೆಯ ಗೇರಿನಲ್ಲಿ ದಾರಿ ಕಾಯುತ್ತ ನಿಂತಿದ್ದಾಗ, ನಾನು ಬಿಡದೆಯೇ ಗಾಡಿಯು ಮುಂದಕ್ಕೆ ಜಗ್ಗಿತು. ಎದುರಿಗೆ ಹೆಗಲಿಗೆ ಚೀಲ ಹಾಕಿದ ಹುಡುಗಿಯೊಬ್ಬಳು ರಸ್ತೆ ದಾಟುತ್ತಿದ್ದಳು. ಬ್ರೇಕು ತುಳಿದೆನು, ಇಂಜಿನು ಒಮ್ಮೆ ಒದರಿ ನಿಂತಿತು. ಮುಂದಿನ ಗಾಲಿಗೂ ಆ ಮಗುವಿನ ಲಂಗಕ್ಕೂ ನಡುವೆ ಒಂದು ಗೇಣು ಅಂತರವಿತ್ತು. ಅವಳು ನನ್ನನ್ನು ನೋಡಿ, ಏನೂ ಅನ್ನದೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತೆಂದು ಈಗಲೂ ಅನಿಸುವದು.

ಗಾಡಿಯನ್ನು ದೂಡಿಕೊಂಡು ಒಂದು ಅಂಗಡಿಗೆ ಹೋದೆನು. ಅಲ್ಲಿಯ ಮಿಸ್ತ್ರಿಯು ಹಿಡಿಯನ್ನು ಒಮ್ಮೆ ಒತ್ತಿ ನೋಡಿ, ಪ್ಲೇಟುಗಳು ಹೋಗಿವೆ, ಮೂರು ದಿನ ಬಿಟ್ಟು ಬನ್ನಿರಿ ಎಂದನು. ಪ್ಲೇಟುಗಳನ್ನು ಹಾಕಿಸಿ ಹಣ ಕೊಟ್ಟು ಬಂದೆನು. ತಿಂಗಳೊಳಗೆ ಹಿಡಿಯು ಪುನಃ ಸಡಿಲಾಯಿತು. ಆಗ ಮೊದಲ ಸಲ ನಾನು ಅದನ್ನು ಕಣ್ಣಿಟ್ಟು ನೋಡಿದೆನು: ಹಿಡಿಯ ಬುಡದಲ್ಲಿ, ತಂತಿಯ ತುದಿಯ ಗುಂಡಿಗೆ ಸೇರುವೆಡೆಯಲ್ಲಿ, ಎಳೆಗಳು ಒಂದೊಂದಾಗಿ ಹರಿದು ಮುಳ್ಳಿನಂತೆ ಎದ್ದಿದ್ದವು. ಎಳೆ ಹರಿದಂತೆಲ್ಲ ಉಳಿದ ಎಳೆಗಳು ಜಗ್ಗಿ ಉದ್ದವಾಗುತ್ತಿದ್ದವು. ರೋಗವಿದ್ದದ್ದು ಪ್ಲೇಟಿನಲ್ಲಲ್ಲ, ತಂತಿಯಲ್ಲಿ. ಆ ಮಿಸ್ತ್ರಿಯನ್ನು ನಾನು ದೂಷಿಸಲಾರೆನು. ಎರಡು ವಾರ ಆ ಹಿಡಿಯನ್ನು ದಿನಕ್ಕೆ ನೂರು ಸಲ ಒತ್ತಿದವಳು ನಾನೇ, ನೋಡದವಳೂ ನಾನೇ.

ಆ ಸಂಜೆ ತಂದೆಯವರ ಕುರ್ಚಿಯನ್ನು ಅಂಗಳಕ್ಕೆ ತಂದಿಟ್ಟು, ಹೇಗೆ ಮಾಡಬೇಕೆಂದು ಕೇಳಿದೆನು. ಅವರು ಎಡಗೈಯಿಂದ ತೋರಿಸುತ್ತ ಹೇಳಿದರು, ನಾನು ಮಾಡಿದೆನು. ತಂಗಿಯು ದೀಪ ಹಿಡಿದಳು. ಹೊಸ ತಂತಿ ಹಾಕಿ ಹೊಂದಿಸಿ ಮುಗಿಸುವದಕ್ಕೆ ಒಂದು ತಾಸು ಸಾಕಾಯಿತು. ಎಲ್ಲವೂ ಮುಗಿದ ಮೇಲೆ ಅವರು, “ಇದನ್ನು ನಿನಗೆ ಆಗಲೇ ತೋರಿಸಬೇಕಾಗಿತ್ತವ್ವಾ” ಎಂದರು. ಈ ಲೇಖನವನ್ನು ಬರೆಯಲು ಆ ಒಂದು ಮಾತೇ ಕಾರಣ.

ಈಗ, ಇದೇನು ಮಹಾವಿದ್ಯೆಯೋ ಎಂದು ಕೇಳುವವರಿಗಾಗಿ ಕ್ಲಚ್ಚೆಂದರೇನೆಂಬದನ್ನು ಹೇಳುತ್ತೇನೆ. ಇಂಜಿನು ಓಡುತ್ತಿರುವಾಗಲೇ ಗಾಡಿಯನ್ನು ನಿಲ್ಲಿಸಲಿಕ್ಕೂ ಗೇರು ಬದಲಿಸಲಿಕ್ಕೂ, ಇಂಜಿನಿಗೂ ಗಾಲಿಗೂ ಇರುವ ಸಂಬಂಧವನ್ನು ಕ್ಷಣಕಾಲ ಬಿಡಿಸಬೇಕಾಗುವದು. ಈ ಬಿಡಿಸುವ ಮತ್ತು ಕೂಡಿಸುವ ಕೆಲಸವೇ ಕ್ಲಚ್ಚಿನದು. ಅದರಲ್ಲಿ ತಟ್ಟೆಗಳು ಒಂದರ ಮೇಲೊಂದರಂತೆ ಇರುವವು. ಒಂದು ಬಿಟ್ಟು ಒಂದು ಇಂಜಿನಿನ ಕಡೆಯವು, ಉಳಿದವು ಗೇರಿನ ಪೆಟ್ಟಿಗೆಯ ಕಡೆಯವು. ಸ್ಪ್ರಿಂಗುಗಳು ಇವೆಲ್ಲವನ್ನೂ ಒತ್ತಿ ಹಿಡಿದಿರುವದರಿಂದ ಒಂದು ತಿರುಗಿದರೆ ಎಲ್ಲವೂ ತಿರುಗುವವು. ನಾವು ಹಿಡಿಯನ್ನೊತ್ತಿದಾಗ ತಂತಿಯು ಎಳೆಯಲ್ಪಟ್ಟು, ಆ ಸ್ಪ್ರಿಂಗುಗಳ ಒತ್ತಡವು ಹಿಂದಕ್ಕೆ ಸರಿದು, ತಟ್ಟೆಗಳು ಕೂದಲೆಳೆಯಷ್ಟು ಬೇರೆಯಾಗುವವು. ಇಂಜಿನು ತಿರುಗುವದು, ಗಾಲಿ ನಿಲ್ಲುವದು.

ಪ್ರಿಯ ಸೋದರಿಯರೇ, ಇದು ನಮಗೆ ಅಪರಿಚಿತವಾದ ವಿದ್ಯೆಯೆ? ನಮ್ಮ ಹೊಲಿಗೆಯ ತರಗತಿಯನ್ನು ಸ್ಮರಿಸಿಕೊಳ್ಳಿರಿ. ಬಾಬಿನ್ನಿಗೆ ನೂಲು ಸುತ್ತುವ ಮುಂಚೆ, ಯಂತ್ರದ ಬಲಗಡೆಯ ಗಾಲಿಯ ನಡುವಿನ ತಿರುಪನ್ನು ಎಡಗೈಯಿಂದ ಗಾಲಿಯನ್ನು ಹಿಡಿದು ಸಡಿಲಿಸುತ್ತಿದ್ದೆವು. ಆಗ ಗಾಲಿ ತಿರುಗುವದು, ಸೂಜಿ ಮಾತ್ರ ನಿಲ್ಲುವದು. ನೂಲು ತುಂಬಿದ ಮೇಲೆ ತಿರುಪನ್ನು ಬಿಗಿದರೆ ಸೂಜಿಯು ಪುನಃ ಏಳುವದು, ಇಳಿಯುವದು. ಅದು ಕ್ಲಚ್ಚೇ. ಹನ್ನೆರಡು ವರ್ಷದ ಹುಡುಗಿಯರು ಅಂಜದೆ, ಬೆರಳಿಗೆ ಗಾಯವಿಲ್ಲದೆ ಅದನ್ನು ಮಾಡಿದೆವು. ಮೇಲಿನ ನೂಲು ಬಿಗಿಯಾದರೆ ಬಟ್ಟೆ ಸುಕ್ಕಾಗುವದೆಂದೂ, ಸಡಿಲಾದರೆ ಕೆಳಗೆ ಗಂಟು ಕಟ್ಟುವದೆಂದೂ ಅರಿತು, ಅರ್ಧ ಸುತ್ತು ಕಾಲು ಸುತ್ತು ತಿರುಪಿ ಹೊಂದಿಸಿದೆವು. ಕ್ಲಚ್ಚಿನ ಹೊಂದಿಕೆಯಲ್ಲಿ ಇದಕ್ಕಿಂತ ಹೆಚ್ಚಿನ ಜಾಣ್ಮೆಯೇನೂ ಬೇಕಿಲ್ಲ. ಹೊಲಿಗೆಯ ಯಂತ್ರಕ್ಕೆ ಹೆಣ್ಣಿನ ಕೈ ತಕ್ಕದ್ದು, ಮೋಟಾರಿನ ಯಂತ್ರಕ್ಕೆ ತಕ್ಕದ್ದಲ್ಲ ಎಂದು ಹೇಳಿದವರಾರು? ಕಬ್ಬಿಣವಂತೂ ಹಾಗೆ ಹೇಳಿಲ್ಲ.

ಮನೆಯಲ್ಲಿ ಮಾಡತಕ್ಕ ಕ್ರಮವನ್ನು ಇಲ್ಲಿ ಬರೆಯುತ್ತೇನೆ; ಓದಿದವರು ತಮ್ಮ ಮನೆಯ ಗಾಡಿಯ ಮುಂದೆ ಕುಳಿತು ಪರೀಕ್ಷಿಸಿ ನೋಡಬಹುದು. ಇಂಜಿನು ತಣ್ಣಗಿರಬೇಕು, ಚಾಬಿ ತೆಗೆದಿರಬೇಕು, ಗಾಡಿಯು ಸಮನಾದ ನೆಲದಲ್ಲಿ ನಡುವಿನ ಸ್ಟ್ಯಾಂಡಿನ ಮೇಲೆ ನಿಂತಿರಬೇಕು. ಸೆರಗು, ಓಢಣಿ, ಜಡೆಗಳನ್ನು ಕಟ್ಟಿಕೊಳ್ಳತಕ್ಕದ್ದು. ಮೊದಲು ತಂತಿಯನ್ನು ಎರಡೂ ತುದಿಗಳಲ್ಲಿ ನೋಡಬೇಕು. ಒಂದೇ ಒಂದು ಎಳೆ ಹರಿದಿದ್ದರೂ ಹೊಂದಿಸುವ ಮಾತು ಬಿಟ್ಟು ಹೊಸ ತಂತಿಯನ್ನು ಹಾಕಬೇಕು. ಎಳೆಗಳು ಚೆನ್ನಾಗಿದ್ದು ತಂತಿಯು ಬಿರುಸಾಗಿ ಓಡುತ್ತಿದ್ದರೆ, ಮೇಲಿನ ತುದಿಯನ್ನು ಬಿಚ್ಚಿ, ಕಾಗದದ ಚಿಕ್ಕ ಆಲಿಕೆಯನ್ನು ಮಾಡಿ, ಹನಿಹನಿಯಾಗಿ ಎಣ್ಣೆ ಇಳಿಸಬೇಕು. ನಮ್ಮ ಬೀದರದ ಕೆಂಪು ಧೂಳು ತಂತಿಯ ಕವಚದೊಳಗೆ ಸೇರಿ ಅರದಂತೆ ಕೆಲಸ ಮಾಡುವದನ್ನು ಕಂಡವರಿಗೆ ಈ ಎಣ್ಣೆಯ ಬೆಲೆ ಗೊತ್ತು.

ಬಳಿಕ ಹಿಡಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಭಾರ ತಗಲುವದಕ್ಕೆ ಮುಂಚೆ ಅದು ಸ್ವಲ್ಪ ದೂರ ಬರಿದೆ ಬರುವದು. ಈ ಬರಿದೆ ಬರುವ ದೂರಕ್ಕೆ ಸಡಿಲು ಎನ್ನೋಣ. ಯೆಜ್ದಿ, ಬುಲೆಟ್ ಮೊದಲಾದ ಹಳೆಯ ಗಾಡಿಗಳಲ್ಲಿ ಹಿಡಿಯ ಬುಡದ ಸಂದಿಯಲ್ಲಿ ೨-೩ ಮಿಲಿಮೀಟರು, ಎಂದರೆ ಎರಡು ರೂಪಾಯಿ ನಾಣ್ಯಗಳ ದಪ್ಪದಷ್ಟು ಸಡಿಲು ಸಾಕು. ೧೯೮೫ರಿಂದ ಬಂದ ಹೀರೋ ಹೋಂಡಾದಂಥ ಚಿಕ್ಕ ಗಾಡಿಗಳಲ್ಲಿ ಹಿಡಿಯ ತುದಿಯಲ್ಲಿ ಅಳೆದರೆ ೧೦ರಿಂದ ೨೦ ಮಿಲಿಮೀಟರು ಇರಬೇಕು. ಗಾಡಿಯ ಕೈಪಿಡಿಯು ಮನೆಯಲ್ಲಿದ್ದರೆ ಅದರ ಮಾತೇ ಪ್ರಮಾಣ.

ಸಡಿಲು ಹೆಚ್ಚಿದ್ದರೆ, ಹಿಡಿಯ ಬುಡದಲ್ಲಿರುವ ಬೀಗದ ನಟ್ಟನ್ನು ಸಡಿಲಿಸಿ ಹೊಂದಿಸುವ ತಿರುಪನ್ನು ಹೊರಕ್ಕೆ ತರಬೇಕು. ಕಡಿಮೆಯಿದ್ದರೆ ಒಳಕ್ಕೆ ಕಳಿಸಬೇಕು. ಒಂದು ಸಲಕ್ಕೆ ಒಂದು ಸುತ್ತಿಗಿಂತ ಹೆಚ್ಚು ತಿರುಪದೆ, ತಿರುಪಿದಾಗಲೆಲ್ಲ ಒತ್ತಿ ನೋಡಬೇಕು. ಮೇಲಿನ ತಿರುಪು ಪೂರಾ ಹೊರಗೆ ಬಂದು ಇನ್ನು ಎಳೆಗೆ ಹಿಡಿಯದಂತಾಗಿದ್ದರೆ, ಅದನ್ನು ಪೂರಾ ಒಳಕ್ಕೆ ಕಳಿಸಿ, ಇಂಜಿನಿನ ಕಡೆಯ ತಿರುಪಿನಿಂದ ದೊಡ್ಡ ಹೊಂದಿಕೆಯನ್ನು ಮಾಡಿ, ಆ ಮೇಲೆ ಮೇಲಿನಿಂದ ಸೂಕ್ಷ್ಮವಾದದ್ದನ್ನು ಮಾಡತಕ್ಕದ್ದು. ನಟ್ಟನ್ನು ಬಿಗಿದು, ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ, ಸಡಿಲು ಬದಲಾಗದೆ ಇರುವದೋ ಎಂದು ನೋಡಬೇಕು. ಬದಲಾದರೆ ತಂತಿಯು ಎಲ್ಲಿಯೋ ಸಿಕ್ಕಿಕೊಂಡಿದೆಯೆಂದು ತಿಳಿಯಬೇಕು. ಕಡೆಗೆ, ಎದುರಿಗೆ ಯಾರೂ ಇಲ್ಲದ ಬಯಲಿನಲ್ಲಿ, ಹಿಂದಿನ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಇಂಜಿನು ಹಚ್ಚಿ ಹಿಡಿಯನ್ನೊತ್ತಿ ಮೊದಲನೆಯ ಗೇರು ಹಾಕಿದರೆ ಗಾಡಿಯು ಜಗ್ಗದೆ ನಿಲ್ಲಬೇಕು.

ಯೆಜ್ದಿಯ ವಿಷಯದಲ್ಲಿ ಒಂದು ವಿಶೇಷವನ್ನು ಹೇಳದೆ ಬಿಡಲಾರೆನು. ಅದರಲ್ಲಿ ಒದ್ದು ಹಚ್ಚುವ ಸಲಾಕೆಯೂ ಗೇರಿನ ಸಲಾಕೆಯೂ ಒಂದೇ. ಒಳಕ್ಕೆ ಒತ್ತಿ ಮೇಲೆತ್ತಿದರೆ ಒದೆಯುವದಕ್ಕೆ ಬರುವದು, ಕೆಳಗಿಳಿಸಿದರೆ ಗೇರಿಗೆ ಬರುವದು. ಇದಲ್ಲದೆ ಕಾಲಿನಿಂದ ಗೇರನ್ನು ಒತ್ತಿದಾಗ ಆ ಸಲಾಕೆಯೇ ಕ್ಲಚ್ಚನ್ನೂ ಬಿಡಿಸುವಂತೆ ಜಾವಾದವರು ಯುಕ್ತಿ ಮಾಡಿದ್ದಾರೆ. ಇದರ ಒಳಗಿನ ಹೊಂದಿಕೆಯನ್ನು ಮೊದಲ ಸಲ ಅರಿತವರ ಎದುರಿನಲ್ಲಿಯೇ ಮಾಡುವದು ಒಳ್ಳೆಯದು. ತನಗೆ ಎಷ್ಟು ಗೊತ್ತು, ಎಲ್ಲಿಂದ ಮುಂದೆ ಗೊತ್ತಿಲ್ಲ ಎಂಬದನ್ನು ಅರಿತಿರುವದೂ ವಿದ್ಯೆಯ ಭಾಗವೇ.

ಸಡಿಲು ಹೆಚ್ಚಾದರೂ ಕೆಡಕು, ಇಲ್ಲದಿದ್ದರೂ ಕೆಡಕು ಎಂಬದನ್ನು ವಿಶೇಷವಾಗಿ ಗಮನಿಸಬೇಕು. ತಂತಿಯು ಜಗ್ಗಿದರೆ ಸಡಿಲು ಹೆಚ್ಚುವದು. ತಟ್ಟೆಗಳು ಪೂರ್ತಿ ಬೇರೆಯಾಗದೆ, ನಿಂತ ಗಾಡಿಯು ನನ್ನದರಂತೆ ಮುಂದಕ್ಕೆ ಜಗ್ಗುವದು. ಇದಕ್ಕೆ ವಿರುದ್ಧವಾಗಿ, ತಟ್ಟೆಗಳು ಸವೆದಂತೆ ಸಡಿಲು ತಾನಾಗಿಯೇ ಕಡಿಮೆಯಾಗುವದು. ಹಿಡಿಯು ಬಿಗಿಯಾಗಿರುವದೇ ಲಕ್ಷಣವೆಂದು ಸಡಿಲನ್ನೆಲ್ಲ ತೆಗೆದುಬಿಡುವವರು ಬಹಳ ಜನ. ಆಗ ನಾವು ಕೈಬಿಟ್ಟಾಗಲೂ ತಂತಿಯು ಸ್ಪ್ರಿಂಗುಗಳನ್ನು ಸ್ವಲ್ಪ ಎಳೆದೇ ಇರುವದರಿಂದ ತಟ್ಟೆಗಳು ಒಂದರ ಮೇಲೊಂದು ಜಾರಿ, ಉಜ್ಜಿ, ಸುಟ್ಟುಹೋಗುವವು. ಮಾಂಜ್ರಾ ಕಣಿವೆಯಿಂದ ಬೀದರದ ಎತ್ತರಕ್ಕೆ ಏರಿ ಬರುವಾಗ ಇಂಜಿನು ಬೊಬ್ಬಿಟ್ಟರೂ ಗಾಡಿಯು ಓಡದೆ, ಸುಟ್ಟ ವಾಸನೆ ಬಂದರೆ ಇದೇ ಕಾರಣವಾಗಿರಬಹುದು. ಹೊಂದಿಸಿದ ಮೇಲೂ ಜಾರಿದರೆ ಪ್ಲೇಟು ನಿಜವಾಗಿಯೂ ಸವೆದಿದೆ. ಆಗ ಮಿಸ್ತ್ರಿಯ ಕಡೆಗೆ ಹೋಗಲೇಬೇಕು. ನಾಲ್ಕು ಹೊಡೆತದ ಗಾಡಿಗಳಲ್ಲಿ ಇಂಜಿನಿನ ಎಣ್ಣೆಯಲ್ಲಿಯೇ ಕ್ಲಚ್ಚು ಮುಳುಗಿರುವದರಿಂದ, ಕಾರಿಗೆಂದು ಮಾಡಿದ ಹೆಚ್ಚು ಜಾರುವ ಎಣ್ಣೆಯನ್ನು ಹಾಕಿದರೂ ಇದೇ ಗತಿಯಾದೀತು. ಇದಕ್ಕಾಗಿಯೇ ೧೯೯೮ರಲ್ಲಿ ಜಪಾನಿನವರು ಮೋಟಾರುಸೈಕಲ್ಲಿನ ಎಣ್ಣೆಗೆ ಜಾಸೋ ಎಂಬ ಕ್ರಮವನ್ನು ಗೊತ್ತುಮಾಡಿದರು. ಡಬ್ಬಿಯ ಮೇಲೆ ಎಂ.ಎ. ಎಂಬ ಗುರುತನ್ನು ನೋಡಿ ಕೊಳ್ಳತಕ್ಕದ್ದು.

ಇನ್ನು ಆಕ್ಷೇಪಗಳನ್ನು ವಿಚಾರಿಸೋಣ. ಈಗಿನ ಹೆಣ್ಣುಮಕ್ಕಳು ನಡಿಸುವ ಸ್ಕೂಟರುಗಳಿಗೆ ಕ್ಲಚ್ಚಿನ ಹಿಡಿಯೇ ಇಲ್ಲ, ವಿದ್ಯುತ್ತಿನ ಗಾಡಿಗಳಿಗೆ ಕ್ಲಚ್ಚಿನ ಅಗತ್ಯವೇ ಇಲ್ಲ. ಹೀಗಿರಲು ಸಾಯುತ್ತಿರುವ ವಿದ್ಯೆಯನ್ನು ಯಾಕೆ ಕಲಿಸಬೇಕೆಂದು ಕೆಲವರು ಕೇಳುವರು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಹೊಸ ಗಾಡಿಯು ಹೊಸ ಹಣವಿದ್ದವರ ಮನೆಗೆ ಮೊದಲು ಹೋಗುವದು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇರುವದು ಅಣ್ಣ ಬಿಟ್ಟ, ತಂದೆ ಬಿಟ್ಟ, ಇನ್ನೊಬ್ಬರು ಮಾರಿದ ಗಾಡಿಯೇ. ಹಳೆಯದರ ಮೇಲೆ ಕುಳಿತವಳಿಗೆ ಹಳೆಯದರ ವಿದ್ಯೆ ಬೇಕು. ಇದಲ್ಲದೆ, ನಾನು ಕಲಿಸಬೇಕೆನ್ನುವದು ಕ್ಲಚ್ಚೊಂದನ್ನೇ ಅಲ್ಲ. ಕೆಟ್ಟದ್ದರ ಮುಂದೆ ಕುಳಿತು, ಅದು ಯಾಕೆ ಕೆಟ್ಟಿತೆಂದು ಅಂಜದೆ ನೋಡುವ ಅಭ್ಯಾಸವನ್ನು ಕಲಿಸಬೇಕು. ಆ ಅಭ್ಯಾಸವು ಯಾವ ಕಾಲಕ್ಕೂ ಹಳತಾಗುವದಿಲ್ಲ.

ಎರಡನೆಯದಾಗಿ, ಇದು ಮಿಸ್ತ್ರಿಯ ಹೊಟ್ಟೆಯ ಮೇಲೆ ಹೊಡೆಯುವದೆಂದು ಹೇಳುವರು. ಮನೆಯಲ್ಲಿ ಶುಂಠಿ ಕಷಾಯ ಮಾಡಿದರೆ ವೈದ್ಯರ ಉದ್ಯೋಗವೇನೂ ಹೋಗಲಿಲ್ಲ. ಗಾಡಿಯನ್ನು ಬಲ್ಲ ಗಿರಾಕಿಯನ್ನು ಒಳ್ಳೆಯ ಮಿಸ್ತ್ರಿಯು ಗೌರವಿಸುವನು. ಈಗ ನಾನು ಅಂಗಡಿಗೆ ಹೋಗಿ, ಸಡಿಲು ಸರಿಯಾಗಿದೆ, ತಂತಿ ಹೊಸದು, ಆದರೂ ಏರಿನಲ್ಲಿ ಜಾರುತ್ತದೆ ಎಂದು ಹೇಳಿದರೆ ಮಾತು ಅಲ್ಲಿಂದಲೇ ಆರಂಭವಾಗುವದು. ಇಬ್ಬರ ವೇಳೆಯೂ ಉಳಿಯುವದು.

ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು, ಬಾಯಲ್ಲಿ ಆಡದೆ ಮನಸ್ಸಿನಲ್ಲಿ ಇಟ್ಟುಕೊಂಡದ್ದು: ಅಂಗಳದಲ್ಲಿ ಎಣ್ಣೆಗೈಯಾಗಿ ಕುಳಿತ ಹುಡುಗಿಯನ್ನು ಕಂಡು ನಾಲ್ಕು ಜನ ಏನಂದಾರು? ಇದಕ್ಕೆ ನಾನು ಸತ್ಯವೇದವನ್ನೇ ಮುಂದಿಡುತ್ತೇನೆ. ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಬಿದ್ದ ಗೋಡೆಯನ್ನು ಯಾರು ಯಾರು ಎಲ್ಲೆಲ್ಲಿ ಕಟ್ಟಿದರೆಂಬ ಉದ್ದವಾದ ಪಟ್ಟಿಯಿದೆ. ಆ ಗಂಡಸರ ಹೆಸರುಗಳ ನಡುವೆ ಶಲ್ಲೂಮನೆಂಬವನೂ ಅವನ ಹೆಣ್ಣುಮಕ್ಕಳೂ ತಮ್ಮ ಪಾಲಿನ ಗೋಡೆಯನ್ನು ಜೀರ್ಣೋದ್ಧಾರ ಮಾಡಿದರೆಂದು ಬರೆದಿದೆ. ಕಲ್ಲು ಸುಣ್ಣಗಳಿಂದ ಆ ಕನ್ಯೆಯರ ಮಾನ ಹೋಯಿತೆಂದು ಎಲ್ಲಿಯೂ ಬರೆದಿಲ್ಲ. ಹತ್ತು ಕನ್ಯೆಯರ ಸಾಮ್ಯದಲ್ಲಿಯೂ ಬುದ್ಧಿವಂತೆಯರೆನ್ನಿಸಿಕೊಂಡವರು ದೀಪದ ಜೊತೆಗೆ ಎಣ್ಣೆಯನ್ನೂ ತಾವೇ ಒಯ್ದವರು. ಮಧ್ಯರಾತ್ರಿಯಲ್ಲಿ ಅಂಗಡಿಗೆ ಓಡಿದವರಿಗಾದ ಗತಿ ನಮಗೆಲ್ಲರಿಗೂ ಗೊತ್ತು.

ಲೋಕದ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷಿಯಿದೆ. ೧೮೮೮ರಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬಾಕೆಯು ಗಂಡನಿಗೆ ಹೇಳದೆ, ಅವನು ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕರಕೊಂಡು, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು ೧೦೦ ಕಿಲೋಮೀಟರು ಪ್ರಯಾಣ ಮಾಡಿದಳು. ಅಷ್ಟು ದೂರ ಮೋಟಾರಿನಲ್ಲಿ ಅದಕ್ಕೆ ಮುಂಚೆ ಯಾರೂ ಹೋಗಿರಲಿಲ್ಲ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಸೂಜಿಯಿಂದ ಬಿಡಿಸಿದಳು. ಬ್ರೇಕಿನ ಕಟ್ಟಿಗೆಯ ತುಂಡುಗಳು ಸವೆದಾಗ ಚಮ್ಮಾರನಿಂದ ಅವಕ್ಕೆ ಚರ್ಮ ಹೊಡೆಸಿದಳು. ಎರಡನೆಯ ಮಹಾಯುದ್ಧದ ಕಡೆಯ ವರ್ಷವಾದ ೧೯೪೫ರಲ್ಲಿ, ಮುಂದೆ ಇಂಗ್ಲೆಂಡಿನ ರಾಣಿಯಾದ ಎಲಿಜಬೆತ್ತಳು ಸೈನ್ಯದ ಸ್ತ್ರೀವಿಭಾಗದಲ್ಲಿ ಸೇರಿ ಗಾಡಿ ನಡಿಸುವದನ್ನೂ ದುರಸ್ತಿ ಮಾಡುವದನ್ನೂ ಅಭ್ಯಸಿಸಿದಳು. ರಾಜಕುಮಾರಿಯ ಕೈಗೆ ಹತ್ತಿದ ಎಣ್ಣೆ ತೊಳೆದರೆ ಹೋಗುವದಾದರೆ, ನಮ್ಮ ಮಕ್ಕಳ ಕೈಗೆ ಹತ್ತಿದ್ದೂ ಹೋಗುವದು.

ನಮ್ಮ ನಾಡಿನಲ್ಲಿಯೇ ಇನ್ನೊಂದು ಪಾಠವುಂಟು. ೨೦೦೬-೦೭ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡಲಾರಂಭಿಸಿತು. ದೂರದ ಹಳ್ಳಿಯ ಹುಡುಗಿಯರಿಗೆ ಅದು ದೊಡ್ಡ ಉಪಕಾರವೇ. ಆದರೆ ಸೈಕಲ್ಲು ಕೊಟ್ಟ ದಿನ ಸರಪಳಿ ಕಳಚಿದರೆ ಕೂಡಿಸುವದನ್ನೂ, ಬ್ರೇಕು ಹೊಂದಿಸುವದನ್ನೂ ತೋರಿಸಿದ ಶಾಲೆಯನ್ನು ನಾನು ನೋಡಲಿಲ್ಲ. ನನ್ನ ಹಳ್ಳಿಯ ಶಾಲೆಯ ಹುಡುಗಿಯರ ಸೈಕಲ್ಲುಗಳು ಚಿಕ್ಕಪುಟ್ಟ ಕಾರಣಗಳಿಗೆ ಗೋಡೆಗೆ ಒರಗಿ ತುಕ್ಕು ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಣ್ಣತಮ್ಮಂದಿರು ಸರಿಮಾಡಿದವು ಮಾತ್ರ ಓಡಿದವು. ಆದರೆ ಸರಿಮಾಡಿದ ಅಣ್ಣತಮ್ಮಂದಿರೇ ಅವುಗಳ ಮೇಲೆ ಹೋದರು. ಯಾರ ಕೈಯಲ್ಲಿ ಪಾನಾ ಇರುವದೋ ಗಾಡಿಯು ಕಡೆಗೆ ಅವರದೇ ಆಗುವದು. ಈ ಮಾತನ್ನು ತಾಯಿತಂದೆಗಳು ಮರೆಯಬಾರದು.

ನೌಬಾದದ ನಮಗೆ ಪಾಲನೆಯೆಂದರೇನೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ಇಲ್ಲಿಯ ಕೆಂಪುಕಲ್ಲಿನಡಿಯಲ್ಲಿ ತೋಡಿದ ಕರೇಜ್ ಎಂಬ ನೀರಿನ ಸುರಂಗವು ನಮ್ಮ ಕಾಲ ಕೆಳಗೇ ಇದೆ. ಅದನ್ನು ತೋಡಿದವರು, ಮುಂದಿನವರು ಇಳಿದು ಹೂಳು ತೆಗೆಯಲೆಂದು ಮೇಲಿನಿಂದ ಬಾವಿಗಳನ್ನೂ ತೋಡಿ ಇಟ್ಟರು. ಹೂಳು ತೆಗೆಯುವ ವಿದ್ಯೆ ಮರೆತುಹೋದ ಮೇಲೆ ಸುರಂಗವೂ ಮರೆತುಹೋಯಿತು. ಈ ಶತಮಾನದಲ್ಲಿ ಅದನ್ನು ಪುನಃ ಶೋಧಿಸಿ ಶುಚಿಮಾಡಬೇಕಾಯಿತು. ಮಾಡುವ ವಿದ್ಯೆಯೊಂದಿಗೆ ಕಾಪಾಡುವ ವಿದ್ಯೆಯನ್ನೂ ದಾಟಿಸದಿದ್ದರೆ ಹೀಗೇ ಆಗುವದು.

ಆದುದರಿಂದ ನನ್ನ ವಿಜ್ಞಾಪನೆಯು ಇಷ್ಟೇ. ಶಾಲೆಯವರು ಒಂಬತ್ತನೆಯ ತರಗತಿಯ ಹುಡುಗಿಯರಿಗೆ ವಾರಕ್ಕೊಂದು ಗಂಟೆ, ಹೊಲಿಗೆಯ ಕೋಣೆಯ ಪಕ್ಕದಲ್ಲಿಯೇ, ದುರಸ್ತಿಯ ಪಾಠವನ್ನು ನಡಿಸಲಿ. ಸೈಕಲ್ಲಿನ ಬ್ರೇಕು, ನಲ್ಲಿಯ ವಾಶರು, ವಿದ್ಯುತ್ತಿನ ಫ್ಯೂಜು, ಮೋಟಾರುಸೈಕಲ್ಲಿನ ತಂತಿ ಮತ್ತು ಸರಪಳಿ, ಇಷ್ಟರಿಂದ ಆರಂಭಿಸಿದರೆ ಸಾಕು. ಇದಕ್ಕೆ ಹೆಚ್ಚಿನ ಹಣ ಬೇಡ. ನಮ್ಮೂರಿನ ವೃದ್ಧ ಮಿಸ್ತ್ರಿಯೊಬ್ಬರನ್ನು ಗೌರವದಿಂದ ಕರೆದರೆ ಬಂದಾರು. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಓಡದ ಗಾಡಿಯೊಂದನ್ನು ದಾನಕೊಟ್ಟಾರು. ಪಾನಾಗಳ ಒಂದು ಪೆಟ್ಟಿಗೆಯನ್ನು ಕೊಡುವ ಭಾರ ನನ್ನದಾಗಿರಲಿ. ಈ ಶಾಲೆಯಂಥವುಗಳು ಹೆಣ್ಣುಮಕ್ಕಳ ಕೈಗೆ ಮೊದಲು ಪುಸ್ತಕ ಕೊಟ್ಟಾಗಲೂ ನಾಲ್ಕು ಜನ ನಕ್ಕರು. ಆ ನಗೆಯನ್ನು ಈಗ ಯಾರು ನೆನಸುತ್ತಾರೆ?

ತಾಯಿತಂದೆಗಳಲ್ಲಿ, ವಿಶೇಷವಾಗಿ ತಂದೆಗಳಲ್ಲಿ, ಇನ್ನೊಂದು ಬಿನ್ನಹ. ಶಾಲೆಯು ಆರಂಭಿಸುವವರೆಗೆ ಕಾಯಬೇಡಿರಿ. ಮುಂದಿನ ಭಾನುವಾರ ನೀವು ಗಾಡಿಯ ಪಕ್ಕದಲ್ಲಿ ಕುಳಿತಾಗ ದೀಪ ಹಿಡಿಯಲು ಮಗಳನ್ನು ಕರೆಯಿರಿ. ದೀಪ ಹಿಡಿದವಳು ಒಂದು ದಿನ ಪಾನಾ ಹಿಡಿದಾಳು. ನಿಮ್ಮ ಕೈಯಲ್ಲಿ ಬಲವಿರುವಾಗಲೇ ತೋರಿಸಿರಿ. ನನಗೆ ದೇವರು ದಯಮಾಡಿ ಒಂದು ಗೇಣು ಅಂತರವನ್ನು ಉಳಿಸಿಕೊಟ್ಟನು. ಎಲ್ಲರಿಗೂ ಅಷ್ಟು ಉಳಿಯುವದೆಂದು ನಂಬಿಕೊಂಡಿರುವದು ತರವಲ್ಲ.

ನಮ್ಮ ಮನೆಯಲ್ಲಿ ಈಗ ಭಾನುವಾರದ ಚಹಾವನ್ನು ನೆರೆಮನೆಯ ಆ ಹುಡುಗನ ಮಗನು ತರುತ್ತಾನೆ. ಅವನ ತಂಗಿ ದೀಪ ಹಿಡಿಯುತ್ತಾಳೆ. ಏಳು ವರ್ಷದ ಆ ಮಗುವು ಮೊನ್ನೆ ಹಿಡಿಯನ್ನು ಒಂದು ಬೆರಳಿನಿಂದ ಒತ್ತಿ, “ಎರಡು ರೂಪಾಯಿಯಷ್ಟೇ ಅದ ನೋಡ್ರಿ ಮಿಸ್, ಬರೋಬ್ಬರಿ ಅದ” ಎಂದಿತು. ತಂದೆಯವರು ಕುರ್ಚಿಯಲ್ಲಿ ಕುಳಿತು ಕೇಳಿ ನಕ್ಕರು.

— ಓರ್ವ ಹಳೆಯ ವಿದ್ಯಾರ್ಥಿನಿ, ನೌಬಾದ